ಸುವೊನ್ ಕೋಟೆಯ ಬಾಗಿಲಲ್ಲಿ ಕೋಳಿ ಬೀದಿ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಸುವೊನ್ ನಗರಕ್ಕೆ ಎರಡು ದೊಡ್ಡ ಗುರುತುಗಳಿವೆ. ಒಂದು, ಜೊಸೊನ್ ವಂಶದ ದೊರೆ ಜೊಂಗ್‌ಜೊ 1794ರಿಂದ 1796ರ ನಡುವೆ ಕಟ್ಟಿಸಿದ ಹ್ವಾಸೊಂಗ್ ಕೋಟೆ. ಇನ್ನೊಂದು, 1969ರಲ್ಲಿ ಇಲ್ಲಿ ಜನ್ಮ ತಳೆದ ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್. ಆ ಎರಡನೆಯ ಗುರುತು ತನ್ನ ಸುತ್ತ ಬೆಳೆಸಿದ ಉದ್ಯಮಗಳಿಂದಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಹಲವು ಕುಟುಂಬಗಳು ಈ ಊರಿಗೆ ಬಂದು ನೆಲೆಸಿವೆ. ಭಾನುವಾರದ ಸಂಜೆ ಕೋಟೆಗೋಡೆಯ ಮೇಲೆ ನಡೆಯುವಾಗ ಹಿಂದಿನಿಂದ ಕನ್ನಡದ ಮಾತು ಕಿವಿಗೆ ಬೀಳುವುದುಂಟು.

ಆದರೆ ಕೊರಿಯನ್ನರನ್ನು ಕೇಳಿದರೆ ಸುವೊನ್‌ಗೆ ಮತ್ತೊಂದು ಗುರುತೂ ಇದೆ. ಕೋಟೆಯ ದಕ್ಷಿಣ ಬಾಗಿಲಾದ ಪಲ್ದಾಲ್‌ಮುನ್‌ನಿಂದ ಕೆಲವೇ ಹೆಜ್ಜೆ ನಡೆದರೆ, ಊರ ನಡುವೆ ಹರಿಯುವ ಹೊಳೆಯ ಸಮೀಪದಲ್ಲಿ 'ತೊಂಗ್‌ದಾಕ್ ಬೀದಿ' ಸಿಗುತ್ತದೆ. 'ತೊಂಗ್' ಎಂದರೆ ಇಡಿಯಾದದ್ದು, 'ದಾಕ್' ಎಂದರೆ ಕೋಳಿ. 1970ರ ದಶಕದಿಂದ ಇಲ್ಲಿ ಒಂದರ ಪಕ್ಕದಲ್ಲಿ ಒಂದರಂತೆ ಕೋಳಿ ಕರಿಯುವ ಅಂಗಡಿಗಳು ಬೇರುಬಿಟ್ಟಿವೆ. ಅಂಗಡಿಯ ಮುಂಭಾಗದಲ್ಲಿಯೇ ನಮ್ಮ ಮದುವೆಮನೆಯ ಕೊಪ್ಪರಿಗೆಯನ್ನು ನೆನಪಿಸುವ ಬೀಡುಕಬ್ಬಿಣದ ದೊಡ್ಡ ಪಾತ್ರೆಗಳು, ಅವುಗಳಲ್ಲಿ ಕುದಿಯುವ ಎಣ್ಣೆ, ಎಣ್ಣೆಯ ಮುಂದೆ ಬೆವರೊರೆಸಿಕೊಳ್ಳುತ್ತ ನಿಂತ ಯಜಮಾನ. ಘಮ ಮಾತ್ರ ಕೋಟೆಯ ಬಾಗಿಲವರೆಗೂ ಬಂದು ಅತಿಥಿಗಳನ್ನು ಎದುರುಗೊಳ್ಳುತ್ತದೆ.

ಕೊರಿಯನ್ ಭಾಷೆಯಲ್ಲಿ ಒಂದು ಸ್ವಾರಸ್ಯವಿದೆ. ಅಂಗಳದಲ್ಲಿ ಕಾಳು ಹೆಕ್ಕುವ ಹಕ್ಕಿ 'ದಾಕ್'. ಇಂಗ್ಲಿಷಿನಿಂದ ಬಂದ 'ಚಿಕಿನ್' ಎಂಬ ಪದಕ್ಕೆ ಇಲ್ಲಿ ಕರಿದ ಕೋಳಿ ಎಂಬುದೊಂದೇ ಅರ್ಥ. ನಮ್ಮಲ್ಲಿಯೂ ಹಿತ್ತಲಲ್ಲಿ ಓಡಾಡುವುದು ಕೋಳಿ, ಹೋಟೆಲಿನ ಫಲಕವೇರಿದ ಮೇಲೆ ಅದು ಚಿಕನ್. ಎರಡು ದೂರದ ನಾಡುಗಳು ಒಂದೇ ಪರಕೀಯ ಪದವನ್ನು ಒಂದೇ ರೀತಿ ಪಳಗಿಸಿಕೊಂಡಿರುವುದು ಸೋಜಿಗವೇ ಸರಿ.

ಕಳೆದ ಶರತ್ಕಾಲದಲ್ಲಿ ಮಂಡ್ಯದಿಂದ ಅಪ್ಪ ನಮ್ಮನ್ನು ನೋಡಲು ಬಂದಿದ್ದರು. ಊರಿನ ಬಸ್ ನಿಲ್ದಾಣದ ಬಳಿ ಇಪ್ಪತ್ತೆರಡು ವರ್ಷ ಸಣ್ಣದೊಂದು ಮಿಲಿಟರಿ ಹೋಟೆಲ್ ನಡೆಸಿದವರು ಅವರು. ಅರಮನೆ, ಗೋಪುರಗಳಿಗಿಂತ ಪರರ ಅಡುಗೆಮನೆಯ ಮೇಲೆಯೇ ಅವರಿಗೆ ಹೆಚ್ಚು ಆಸಕ್ತಿ. ಹೀಗಾಗಿ ಕೋಟೆಯ ಸುತ್ತಾಟ ಮುಗಿಸಿ ನಾವು ಹೊಕ್ಕದ್ದು ಈ ಬೀದಿಯ ಒಂದು ಸಾಧಾರಣ ಅಂಗಡಿಯನ್ನು. ಸ್ಟೀಲಿನ ಮೇಜು, ಬೆನ್ನಿಲ್ಲದ ಸ್ಟೂಲು, ಮೇಜಿನ ಮೇಲೆ ಕರೆಗಂಟೆ, ಗೋಡೆಯ ಮೇಲೆ ಬೇಸ್‌ಬಾಲ್ ಪಂದ್ಯ ತೋರಿಸುವ ಟಿ.ವಿ. ಒಂದು ಇಡೀ ಕೋಳಿಗೆ ಇಂದು ಸುಮಾರು 20 ಸಾವಿರ ವೊನ್, ಅಂದರೆ ನಮ್ಮ ಲೆಕ್ಕದಲ್ಲಿ ಸಾವಿರದ ಇನ್ನೂರು ರೂಪಾಯಿಯ ಆಸುಪಾಸು.

ಇಲ್ಲಿ ಕೇಳಬೇಕಾದ ಮಾತು 'ಬಾನ್‌ಬಾನ್'. ಅರ್ಧ ಮಸಾಲೆ ಸವರದ ಗರಿಗರಿ ಕೋಳಿ, ಅರ್ಧ ಕೆಂಪು ಪಾಕದಲ್ಲಿ ಹೊರಳಿಸಿದ 'ಯಾಂಗ್ನ್ಯೊಮ್' ಕೋಳಿ. ಅದರೊಂದಿಗೆ ಈ ಬೀದಿಯ ರೂಢಿಯಂತೆ ಕರಿದ ಕೋಳಿಯ ಕಲ್ಲು ಮತ್ತು ಪಾದಗಳೂ ಬಂದವು. ಅಪ್ಪನ ಮುಖ ಅರಳಿತು. "ಕಲ್ಲು, ಕಾಲು ಎಸೀದೇ ಇರೋರು ನಮ್ಮೋರೇ ಬಿಡು" ಎಂದರು. ಕೋಳಿಯ ಗಾತ್ರ ಕಂಡು ಮಾತ್ರ ಹುಬ್ಬೇರಿಸಿದರು: "ಇದು ಇನ್ನೂ ಮರಿ ಕಣ್ ಮಗ." ಅವರ ಮಾತು ದಿಟ. ಕೊರಿಯಾದಲ್ಲಿ ಕರಿಯಲು ಬಳಸುವುದು ಸುಮಾರು ಒಂದು ತಿಂಗಳ ಪ್ರಾಯದ, ಶುಚಿಗೊಳಿಸಿದ ಮೇಲೆ ಒಂದು ಕಿಲೋದಷ್ಟು ತೂಗುವ ಎಳೆಯ ಕೋಳಿಯನ್ನು. ನಾಟಿ ಕೋಳಿಯ ಸಾರಿಗೆ ಒಗ್ಗಿದ ನಾಲಗೆಗೆ ಆ ಮಾಂಸ ತೀರ ಮೃದು. ಈ ಖಾದ್ಯದ ಜೀವವಿರುವುದು ಮಾಂಸದ ರುಚಿಗಿಂತ ಹೆಚ್ಚಾಗಿ ಹೊರಕವಚದಲ್ಲಿ.

ಆ ಕವಚದ ಗುಟ್ಟು ಎರಡು ಬಾರಿ ಕರಿಯುವುದು. ಪಿಷ್ಟ ಬೆರೆಸಿದ ತೆಳುವಾದ ಹಿಟ್ಟಿನಲ್ಲಿ ಅದ್ದಿದ ತುಂಡುಗಳನ್ನು ಮೊದಲು ಹದವಾಗಿ ಕಾದ ಎಣ್ಣೆಯಲ್ಲಿ ಬೇಯಿಸುತ್ತಾರೆ. ಬಳಿಕ ಹೊರತೆಗೆದು ಕೆಲವು ನಿಮಿಷ ಆರಲು ಬಿಡುತ್ತಾರೆ. ಆ ಬಿಡುವಿನಲ್ಲಿ ಮಾಂಸದೊಳಗಿನ ತೇವ ನಿಧಾನವಾಗಿ ಕವಚದತ್ತ ಸರಿದು ಬರುತ್ತದೆ. ಇನ್ನೂ ಹೆಚ್ಚು ಕಾದ ಎಣ್ಣೆಯಲ್ಲಿ ಎರಡನೆಯ ಬಾರಿ ಮುಳುಗಿಸಿದಾಗ ಆ ತೇವ ಆವಿಯಾಗಿ ಹೋಗಿ ಕವಚ ಗಾಜಿನಂತೆ ಗರಿಯಾಗುತ್ತದೆ. ಮೇಲೆ ಪಾಕ ಸವರಿದರೂ ಬೇಗನೆ ಮೆತ್ತಗಾಗದಿರುವುದಕ್ಕೆ ಇದೇ ಕಾರಣ. ನಮ್ಮ ರಸ್ತೆಬದಿಯ ಗೋಬಿ ಮಂಚೂರಿ ಗಾಡಿಯವರು ಮೊದಲೇ ಕರಿದಿಟ್ಟ ಹೂಕೋಸನ್ನು ಗಿರಾಕಿ ಬಂದಾಗ ಮತ್ತೊಮ್ಮೆ ಎಣ್ಣೆಗೆ ಬಿಡುವುದೂ ಇದೇ ವಿದ್ಯೆಯ ದೂರದ ನೆಂಟ.

ಕೊರಿಯನ್ನರು ಇದನ್ನು ತಮ್ಮ ರಾಷ್ಟ್ರೀಯ ಖಾದ್ಯವೆಂಬಂತೆ ಕಂಡರೂ ಇದರ ಇತಿಹಾಸ ದೀರ್ಘವಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ ಇಲ್ಲಿ ಬೀಡುಬಿಟ್ಟ ಅಮೆರಿಕದ ಸೈನಿಕರು ಕರಿದ ಕೋಳಿಯ ಪರಿಚಯ ಮಾಡಿಸಿದರೆನ್ನುತ್ತಾರೆ. ಆದರೆ ಆಗ ಎಣ್ಣೆಯೂ ದುಬಾರಿ, ಕೋಳಿಯೂ ದುಬಾರಿ. 1960ರಲ್ಲಿ ಸೋಲ್‌ನ ಮ್ಯೊಂಗ್‌ದೊಂಗ್‌ನಲ್ಲಿ ವಿದ್ಯುತ್ ಒಲೆಯಲ್ಲಿ ಸುಟ್ಟ ಇಡೀ ಕೋಳಿ ಮಾರಾಟಕ್ಕೆ ಬಂತು. 1970ರ ದಶಕದಲ್ಲಿ ದೇಶದೊಳಗೇ ಸೋಯಾ ಎಣ್ಣೆಯ ಉತ್ಪಾದನೆ ಹೆಚ್ಚಿ, ಕೋಳಿ ಸಾಕಣೆ ಉದ್ಯಮವಾಗಿ ಬೆಳೆದ ಮೇಲೆ ಕರಿಯುವುದು ಜನಸಾಮಾನ್ಯರ ಕೈಗೆಟುಕಿತು. 1977ರಲ್ಲಿ ಸೋಲ್‌ನ ದೊಡ್ಡ ಮಳಿಗೆಯೊಂದರ ನೆಲಮಾಳಿಗೆಯಲ್ಲಿ ಲಿಮ್ಸ್ ಚಿಕನ್ ಆರಂಭವಾಯಿತು. ಕೋಳಿಯನ್ನು ತುಂಡು ಮಾಡಿ ಕರಿದು ಮಾರುವ ಸರಣಿ ಮಳಿಗೆಗಳಲ್ಲಿ ಅದನ್ನೇ ಮೊದಲನೆಯದೆಂದು ಎಣಿಸಲಾಗುತ್ತದೆ.

ಕೆಂಪು ಪಾಕದ ಕಥೆ ದೆಗು ನಗರದ್ದು. ಅಲ್ಲಿ ಕೋಳಿ ಅಂಗಡಿ ನಡೆಸುತ್ತಿದ್ದ ಯುನ್ ಜೊಂಗ್-ಗ್ಯೆ ಎಂಬವರನ್ನು ಯಾಂಗ್ನ್ಯೊಮ್ ಕೋಳಿಯ ಜನಕರೆಂದು ಗುರುತಿಸುವುದುಂಟು. ತಣ್ಣಗಾದ ಕರಿದ ಕೋಳಿ ಗಟ್ಟಿಯಾಗಿ ಬಾಯಿಗೆ ಒತ್ತುತ್ತದೆ ಎಂಬುದು ಗಿರಾಕಿಗಳ ದೂರು. 1980ರ ಸುಮಾರಿಗೆ ಅವರು ಮೆಣಸಿನಪುಡಿ, ಬೆಳ್ಳುಳ್ಳಿ ಮತ್ತು ಪಿಷ್ಟದಿಂದ ತಯಾರಿಸಿದ ಸಿಹಿ ಪಾಕವನ್ನು ಬೆರೆಸಿ ಕೋಳಿಗೆ ಸವರಿ ಆ ದೂರಿಗೆ ಉತ್ತರ ಕೊಟ್ಟರು.

ಈ ಕೆಂಪಿನಲ್ಲಿ ಕನ್ನಡಿಗರಿಗೆ ಪರಿಚಿತವಾದದ್ದೊಂದು ಇದೆ. ಮೆಣಸಿನಕಾಯಿ ಕೊರಿಯಾದ ಮಣ್ಣಿನದಲ್ಲ, ನಮ್ಮ ಮಣ್ಣಿನದೂ ಅಲ್ಲ. ಅಮೆರಿಕ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗುಗಳೊಂದಿಗೆ ಗೋವೆಯ ದಾರಿಯಾಗಿ ನಮ್ಮಲ್ಲಿಗೆ ಬಂತು. ಕೊರಿಯಾಕ್ಕೆ ಅದು ಜಪಾನಿನ ದಾರಿಯಾಗಿ 16ನೇ ಶತಮಾನದ ಕೊನೆಯ ಹೊತ್ತಿಗೆ ಬಂತೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಬಿಸಿಲಿನಲ್ಲಿ ಒಣಗಿಸಿ, ಬೀಜ ತೆಗೆದು, ತರಿತರಿಯಾಗಿ ಪುಡಿಮಾಡಿದ ಇಲ್ಲಿನ ಮೆಣಸಿನಪುಡಿ ಬಾಯಿ ಸುಡುವುದಕ್ಕಿಂತ ಕಣ್ಣು ತುಂಬುತ್ತದೆ. ಬಣ್ಣ ಹೆಚ್ಚು, ಖಾರ ಕಡಿಮೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಗುಣವೂ ಇದೇ ಅಲ್ಲವೇ? ಅಪ್ಪ ಬೆರಳಿಗಂಟಿದ ಪಾಕವನ್ನು ನೆಕ್ಕಿ ನೋಡಿ, "ನೋಡಕ್ಕೆ ನಮ್ ಕಬಾಬು, ತಿನ್ನಕ್ಕೆ ಮಿಠಾಯಿ" ಎಂದು ತೀರ್ಪಿತ್ತರು. ಸಿಹಿಯ ಪ್ರಮಾಣ ನಮ್ಮವರಿಗೆ ಮೊದಲ ಬಾರಿ ಹೆಚ್ಚೆನಿಸುವುದು ಸಹಜ.

ಆ ಸಿಹಿಗೂ ಎಣ್ಣೆಗೂ ಮದ್ದಾಗಿ ಬರುವುದು 'ಮು', ಅಂದರೆ ಮೂಲಂಗಿ. ಬಿಳಿ ಮೂಲಂಗಿಯ ಚೌಕಾಕಾರದ ಹೋಳುಗಳನ್ನು ವಿನಿಗರ್, ಸಕ್ಕರೆ, ಉಪ್ಪಿನ ನೀರಿನಲ್ಲಿ ನೆನೆಸಿಟ್ಟು ತಣ್ಣಗೆ ಕೊಡುತ್ತಾರೆ. ಎರಡು ತುಂಡು ಕೋಳಿಯ ನಡುವೆ ಒಂದು ಹೋಳು ಕಚ್ಚಿದರೆ ನಾಲಗೆ ಮತ್ತೆ ಹಸನಾಗುತ್ತದೆ. ಬಿಯರ್ ಜೊತೆ ಸೇವಿಸುವ ರೂಢಿಗೆ 'ಚಿಮೆಕ್' ಎಂಬ ಹೆಸರೇ ಇದೆ. ಚಿಕಿನ್ ಮತ್ತು ಮೆಕ್ಜು, ಅಂದರೆ ಬಿಯರ್, ಕೂಡಿ ಆದ ಈ ಪದ 2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನೂ ಸೇರಿತು. ಅಪ್ಪ ಕುಡಿಯುವವರಲ್ಲ. 'ಸೈದಾ' ಎಂದು ಇಲ್ಲಿ ಕರೆಯುವ ನಿಂಬೆ ಸೋಡಾ ಅವರಿಗೆ ಸಾಕಾಯಿತು.

ಊಟದ ನಡುವೆ ಅಂಗಡಿಯ ಯಜಮಾನರು ನಮ್ಮ ಮೇಜಿನ ಬಳಿ ಬಂದರು. ವಯಸ್ಸು ಅರವತ್ತರ ಹತ್ತಿರ. ಅಪ್ಪನನ್ನು 'ಅಬೊನಿಮ್' ಎಂದು ಕರೆದು ತಲೆಬಾಗಿಸಿದರು. ತಂದೆಯವರೇ ಎಂದು ಅದರರ್ಥ. ಅಪ್ಪನ ಪ್ರಶ್ನೆಗಳು ಶುರುವಾದವು, ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು. ಎಣ್ಣೆ ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತಾರೆ, ಬಾಡಿಗೆ ಎಷ್ಟು, ಆಳುಗಳೆಷ್ಟು, ರಜೆ ಯಾವಾಗ? ಆ ಹಿರಿಯರು ಒಂದೊಂದಕ್ಕೂ ಉತ್ತರಿಸಿದರು. ಐವತ್ತೆರಡನೆಯ ವಯಸ್ಸಿನವರೆಗೆ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದವರಂತೆ. ಸ್ವಯಂ ನಿವೃತ್ತಿಯ ಹೆಸರಿನಲ್ಲಿ ಹೊರಬಂದ ಮೇಲೆ ಕೈಗೆ ಬಂದ ಹಣವನ್ನೆಲ್ಲ ಈ ಅಂಗಡಿಗೆ ಸುರಿದರು. ಈಗ ಗಂಡ ಕರಿಯುತ್ತಾರೆ, ಹೆಂಡತಿ ಹಿಟ್ಟು ಕಲಸಿ ಲೆಕ್ಕ ನೋಡುತ್ತಾರೆ, ಮಗ ಶನಿವಾರ ಬಂದು ಮೇಜು ಒರೆಸುತ್ತಾನೆ. ಕೊನೆಗೆ ಅವರು ನಗುತ್ತ ಹೇಳಿದ ಮಾತು: "ಮನೆಯವರ ಕೂಲಿ ಲೆಕ್ಕಕ್ಕೆ ಹಿಡಿದರೆ ಲಾಭವೇ ಇಲ್ಲ."

ನಾನು ಅದನ್ನು ಕನ್ನಡಕ್ಕೆ ತಿರುಗಿಸಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವ್ರಿಗೆ ಹೇಳು ಮಗ, ನಿಮ್ಮವ್ವನ ಕೂಲಿ ಲೆಕ್ಕಕ್ಕೆ ತಗಂಡಿದ್ರೆ ನಮ್ ಹೋಟ್ಲೂ ಆರೇ ತಿಂಗ್ಳಿಗೆ ಮುಚ್ಚಬೇಕಿತ್ತು ಅಂತ" ಎಂದರು. ಇಪ್ಪತ್ತೆರಡು ವರ್ಷ ಮುಂಜಾನೆ ನಾಲ್ಕಕ್ಕೆ ಎದ್ದು ಮಸಾಲೆ ರುಬ್ಬಿದ ಅವ್ವನ ಬಗ್ಗೆ ಅಪ್ಪ ಹಾಗೆ ಮಾತಾಡಿದ್ದನ್ನು ನಾನು ಮೊದಲ ಬಾರಿ ಕೇಳಿದ್ದು ಮಂಡ್ಯದಲ್ಲಲ್ಲ, ಸುವೊನ್‌ನಲ್ಲಿ. ಆ ಮಾತನ್ನು ಕೊರಿಯನ್‌ಗೆ ತಿರುಗಿಸಿದಾಗ ಯಜಮಾನರು ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು, ಮತ್ತೊಮ್ಮೆ ಹೇಳಿಸಿದರು.

ಇದು ಒಬ್ಬರ ಕಥೆಯಲ್ಲ. 1997ರ ಕೊನೆಯಲ್ಲಿ ಕೊರಿಯಾ ಆರ್ಥಿಕ ಕುಸಿತಕ್ಕೆ ಸಿಲುಕಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮೊರೆಹೋದಾಗ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡರು. ಹೆಚ್ಚಿನ ಬಂಡವಾಳವನ್ನೂ ವಿಶೇಷ ಪರಿಣತಿಯನ್ನೂ ಬೇಡದ ಕೋಳಿ ಅಂಗಡಿ ಅವರಲ್ಲಿ ಅನೇಕರಿಗೆ ಆಸರೆಯಾಯಿತು. 2002ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿನಲ್ಲಿ ಟಿ.ವಿ.ಯ ಮುಂದೆ ಕುಳಿತು ಕೋಳಿ ತಿನ್ನುವುದು ಮನೆಮನೆಯ ಅಭ್ಯಾಸವಾಯಿತು. ಕೆ.ಬಿ. ಹಣಕಾಸು ಸಮೂಹ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ದೇಶದಲ್ಲಿ ಸುಮಾರು 87 ಸಾವಿರ ಕೋಳಿ ಅಂಗಡಿಗಳಿದ್ದವು. ಅದೇ ವರದಿ ಹೇಳಿದ ಇನ್ನೊಂದು ಸಂಗತಿ, ಹೊಸದಾಗಿ ತೆರೆಯುವ ಅಂಗಡಿಗಳಿಗಿಂತ ಬಾಗಿಲು ಹಾಕುವವೇ ಹೆಚ್ಚು ಎಂಬುದು. ಕಾನೂನಿನ ಪ್ರಕಾರ ನಿವೃತ್ತಿಯ ವಯಸ್ಸು 60ಕ್ಕಿಂತ ಕಡಿಮೆ ಇರುವಂತಿಲ್ಲ. ಆದರೂ ಐವತ್ತರ ಆಸುಪಾಸಿನಲ್ಲೇ ಮುಖ್ಯ ಉದ್ಯೋಗದಿಂದ ಹೊರಬೀಳುವವರು ಇಲ್ಲಿ ಬಹಳ.

ಇಲ್ಲಿನ ಸಾಫ್ಟ್‌ವೇರ್ ವಲಯದಲ್ಲಿ ಒಂದು ಹಳೆಯ ನಗೆಮಾತಿದೆ. ಪ್ರೋಗ್ರಾಂ ಎಲ್ಲಿಯೋ ಸಿಕ್ಕಿಹಾಕಿಕೊಂಡರೆ ಹತ್ತಿರದ ಕೋಳಿ ಅಂಗಡಿಯವರನ್ನು ಕೇಳಿ, ಅವರು ಮಾಜಿ ಎಂಜಿನಿಯರೇ ಆಗಿರುತ್ತಾರೆ! ಏನೇ ಓದಿದರೂ ದಾರಿ ಕೊನೆಗೆ ಕೋಳಿ ಅಂಗಡಿಯಲ್ಲೇ ಮುಗಿಯುತ್ತದೆ ಎಂಬುದು ಅದರ ತಾತ್ಪರ್ಯ. ಕಚೇರಿಯಲ್ಲಿ ಈ ಮಾತು ಬಂದಾಗ ಮೂವತ್ತರ ಹರೆಯದವರು ಜೋರಾಗಿ ನಗುತ್ತಾರೆ, ನಲವತ್ತೈದು ದಾಟಿದವರು ಕಾಫಿಯ ಲೋಟ ನೋಡುತ್ತಾರೆ. ಉದ್ಯೋಗದ ವೀಸಾ ಹಿಡಿದು ಬಂದ ನಮ್ಮಂಥವರಿಗಂತೂ ಕೆಲಸ ಹೋದರೆ ಕೋಳಿ ಅಂಗಡಿಯ ದಾರಿಯೂ ಸುಲಭವಲ್ಲ, ಊರಿನ ದಾರಿಯೇ ಗತಿ. ಈ ಅರಿವಿನೊಂದಿಗೆ ತಿನ್ನುವಾಗ ಮುಂದಿರುವ ತಟ್ಟೆಯ ತೂಕ ಬೇರೆಯಾಗುತ್ತದೆ.

2019ರಲ್ಲಿ ತೆರೆಕಂಡ 'ಎಕ್ಸ್‌ಟ್ರೀಮ್ ಜಾಬ್' ಎಂಬ ಹಾಸ್ಯಚಿತ್ರ ಇದೇ ಎಳೆಯನ್ನು ತಮಾಷೆಯಾಗಿ ಹಿಡಿದಿತ್ತು. ಮಾದಕ ವಸ್ತು ಜಾಲದ ಮೇಲೆ ಕಣ್ಣಿಡಲು ಪೊಲೀಸರು ಕೋಳಿ ಅಂಗಡಿಯೊಂದನ್ನು ಕೊಂಡುಕೊಳ್ಳುತ್ತಾರೆ. ಸುವೊನ್‌ನ ಪ್ರಸಿದ್ಧ ಪಕ್ಕೆಲುಬಿನ ಮಾಂಸದ ಮಸಾಲೆಯನ್ನು ಅವರಲ್ಲೊಬ್ಬ ಕೋಳಿಗೆ ಬಳಸಲಾಗಿ, ವ್ಯಾಪಾರ ಹುಚ್ಚೆದ್ದು ಓಡುತ್ತದೆ. 1.6 ಕೋಟಿಗೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು. ಚಿತ್ರದ ಕಾಲ್ಪನಿಕ ಖಾದ್ಯ ಕೆಲವೇ ದಿನಗಳಲ್ಲಿ ನಿಜವಾಗಿಯೂ ಈ ಊರಿನ ಅಂಗಡಿಗಳಲ್ಲಿ ಬಿಕರಿಯಾಗತೊಡಗಿತು.

ಕೊರಿಯನ್ನರ ಹಳೆಯ ನೆನಪುಗಳಲ್ಲಿ ಸಂಬಳದ ದಿನ ಅಪ್ಪ ಕಾಗದದ ಚೀಲದಲ್ಲಿ ತರುತ್ತಿದ್ದ ಕರಿದ ಕೋಳಿಗೆ ವಿಶೇಷ ಸ್ಥಾನವಿದೆ. ಕೋಳಿಗೆ ಕಾಲುಗಳು ಎರಡೇ. ಅವು ಯಾರ ಪಾಲಿಗೆ ಎಂಬುದರಲ್ಲಿ ಆ ಮನೆಯ ಪ್ರೀತಿಯೂ ತಾರತಮ್ಯವೂ ಅಡಗಿರುತ್ತದೆ. ತಾಯಂದಿರು ಕತ್ತಿನ ತುಂಡೇ ತಮಗಿಷ್ಟವೆಂದು ಹೇಳುತ್ತಿದ್ದರಂತೆ. ಈ ಮಾತಿಗೆ ಯಾವ ಕನ್ನಡ ಮನೆಗೂ ಅನುವಾದ ಬೇಕಿಲ್ಲ. ಅಷ್ಟಕ್ಕೂ ಸುವೊನ್ ಕೋಟೆ ಎದ್ದದ್ದೇ ಒಬ್ಬ ಮಗನ ಪಿತೃಭಕ್ತಿಯ ನೆರಳಿನಲ್ಲಿ. ಅಕಾಲಕ್ಕೆ ದಾರುಣವಾಗಿ ಮಡಿದ ತಂದೆಯ ಸಮಾಧಿಯನ್ನು 1789ರಲ್ಲಿ ಈ ಸೀಮೆಗೆ ತಂದ ಬಳಿಕವೇ ಜೊಂಗ್‌ಜೊ ಇಲ್ಲಿ ಹೊಸ ನಗರ ಕಟ್ಟಿಸಿದ್ದು.

ಈ ಕಡೆ ಬರುವ ಕನ್ನಡಿಗರಿಗೆ ಒಂದೆರಡು ಮಾತು. ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ಮೂಲಂಗಿಯೊಂದನ್ನು ಬಿಟ್ಟು ಹೆಚ್ಚೇನೂ ನಿರೀಕ್ಷಿಸಬೇಡಿ. ಆಲೂಗಡ್ಡೆ ಸಿಕ್ಕರೂ ಅದು ಅದೇ ಎಣ್ಣೆಯಲ್ಲಿ ಬೆಂದಿರುವ ಸಾಧ್ಯತೆ ಹೆಚ್ಚು. ಹಿರಿಯರು ಮೊದಲ ತುಂಡು ಎತ್ತಿಕೊಳ್ಳುವವರೆಗೆ ಕಾಯುವುದು ಮರ್ಯಾದೆ. ಇಲ್ಲಿ ಟಿಪ್ಸ್ ಕೊಡುವ ಪದ್ಧತಿಯಿಲ್ಲ. ಅದಕ್ಕೆ ಬದಲಾಗಿ ಹೊರಡುವಾಗ ಒಲೆಯ ಮುಂದೆ ನಿಂತವರತ್ತ ತಿರುಗಿ ಹೇಳುವ ಒಂದು ಮಾತಿದೆ: 'ಜಾಲ್ ಮೊಗೊಸ್ಸುಮ್ನಿದಾ'. ಊಟ ಚೆನ್ನಾಗಾಯಿತು ಎಂದು ಅದರರ್ಥ. ಉಚ್ಚಾರಣೆ ಅಷ್ಟಿಷ್ಟು ತಪ್ಪಿದರೂ ಚಿಂತೆಯಿಲ್ಲ. ದಿನವಿಡೀ ಎಣ್ಣೆಯ ಮುಂದೆ ನಿಂತವರಿಗೆ ಅದು ತಲುಪುತ್ತದೆ.