ಭೀಮಾನದಿಯು ಹತ್ತಿರದ ಕಡಲನ್ನು ಬಿಟ್ಟು ಪೂರ್ವಕ್ಕೆ ಹರಿಯುವುದೇಕೆ?

ಭೀಮಾನದಿಯು ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವುದು. ಅಲ್ಲಿಂದ ಪಶ್ಚಿಮದ ಕಡಲಿಗೆ ನೇರವಾಗಿ ಅಳೆದರೆ 50 ಮೈಲಿಗಿಂತ ಹೆಚ್ಚಿಲ್ಲ. ಆದರೂ ಅದು ಆ ಕಡಲಿಗೆ ಬೆನ್ನುಕೊಟ್ಟು, ಕಲಬುರಗಿ ಜಿಲ್ಲೆಯನ್ನು ಹಾಯ್ದು, 500 ಮೈಲಿಗೂ ಮಿಕ್ಕು ನಡೆದು, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುವುದು. ಕಮಲಾಪುರದ ಹಳ್ಳಗಳ ನೀರೂ ಬೆಣ್ಣೆತೊರೆ, ಕಾಗಿಣೆಗಳ ಮೂಲಕ ಇದೇ ದಾರಿಯನ್ನು ಹಿಡಿಯುವುದು. ಇದರ ಕಾರಣವನ್ನು ತಿಳಿದ ಜಮೀನುದಾರರಿಗೆ ಹೊಲದ ಒಡ್ಡಿನ ಅಗತ್ಯವೂ ಮನದಟ್ಟಾಗುವುದರಿಂದ ಆ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಬಹು ಪೂರ್ವದಲ್ಲಿ ಭರತಖಂಡದ ಪಶ್ಚಿಮಕ್ಕೆ ಈಗಿನ ಕಡಲಿರಲಿಲ್ಲ. ಮಡಗಾಸ್ಕರ್, ಸೆಶೆಲ್ಸ್ ಎಂಬ ಭೂಭಾಗಗಳು ಅದಕ್ಕೆ ಅಂಟಿಕೊಂಡಿದ್ದವು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವೂ, 6 ಕೋಟಿಗೂ ಮಿಕ್ಕ ವರ್ಷಗಳ ಹಿಂದೆ ಸೆಶೆಲ್ಸೂ ಸೀಳಿಹೋಗಿ ದೂರ ಸರಿದವು. ಈ ಎರಡನೆಯ ಸೀಳಿನ ಸಮೀಪಕಾಲದಲ್ಲಿ ನೆಲದ ಬಿರುಕುಗಳಿಂದ ಕರಗಿದ ಕಲ್ಲು ಹೊರಹೊಮ್ಮಿ ಪದರಪದರವಾಗಿ ಹರಡಿತು. ಆ ಕಲ್ಲು ಶಿಥಿಲವಾಗಿ ನಮ್ಮ ಎರೆಯ ಮಣ್ಣಾಯಿತು.

ಸೀಳಿದ ನೆಲದ ಅಂಚು ಇದ್ದಂತೆ ಇರುವುದಿಲ್ಲ. ಕಡಲ ಮಗ್ಗುಲು ಜಗ್ಗಿ ತೆಳುವಾಗಿ, ಕಾವು ಆರಿದಂತೆ ಕುಸಿಯುವುದು. ಘಟ್ಟದಿಂದ ಮಳೆಯು ಕೊಚ್ಚಿ ತಂದ ಕಲ್ಲುಮಣ್ಣು ಆ ತಗ್ಗಿನಲ್ಲಿ ರಾಶಿಬೀಳುವುದು. ಬಂಡಿಯ ಹಿಂಬದಿಗೆ ಮೂಟೆಗಳನ್ನು ಹೆಚ್ಚಾಗಿ ಹೇರಿದರೆ ಮೂಕಿಯು ಮೇಲೇಳುವುದನ್ನು ಎಲ್ಲರೂ ಕಂಡಿರುವರು. ಇಲ್ಲಿಯೂ ಭಾರ ಬಿದ್ದ ಕಡಲ ತಳವು ತಗ್ಗಿತು, ಸವೆದು ಹಗುರಾದ ಘಟ್ಟವು ಎದ್ದಿತು. 1974ರಲ್ಲಿ ಮುಂಬಯಿಯಾಚೆಯ ಕಡಲಿನಲ್ಲಿ ಎಣ್ಣೆ ದೊರೆತುದು ಹೀಗೆ ಕುಸಿದು ಹೂಳು ತುಂಬಿದ ಅಂಚಿನಲ್ಲಿಯೇ. ಘಟ್ಟವು ಎಂದು, ಎಷ್ಟು ಎದ್ದಿತೆಂಬುದರಲ್ಲಿ ಭೂವಿಜ್ಞಾನಿಗಳೊಳಗೆ ಇನ್ನೂ ವಾದವುಂಟು. ಪಶ್ಚಿಮಕ್ಕೆ ಗೋಡೆಯಂತೆ ಕಡಿದಾಗಿಯೂ ಪೂರ್ವಕ್ಕೆ ಮೆಲ್ಲನೆ ಇಳಿಜಾರಾಗಿಯೂ ಇರುವುದಂತೂ ಕಣ್ಣಿಗೆ ಕಾಣುವ ಸಂಗತಿ.

ಇದರಿಂದ ನಮಗೆ ಎರಡು ನಷ್ಟ. ಕಡಲಿನ ಮೋಡಗಳು ಘಟ್ಟಕ್ಕೆ ತಾಗಿ ಅಲ್ಲಿಯೇ ಬರಿದಾಗುವುವು; ಮಹಾಬಲೇಶ್ವರದಲ್ಲಿ ವರ್ಷಕ್ಕೆ 200 ಅಂಗುಲಕ್ಕೂ ಮಿಕ್ಕು ಮಳೆಯಾದರೆ ಕಲಬುರಗಿಗೆ ಸುಮಾರು 30 ಅಂಗುಲ ಮಾತ್ರ. ಬಿದ್ದ ಅಷ್ಟನ್ನೂ ಇಳಿಜಾರು ಮಣ್ಣಿನೊಡನೆ ಪೂರ್ವಕ್ಕೆ ಒಯ್ಯುವುದು. ಹೊಲವು ಮಟ್ಟವಾಗಿಯೇ ಇದೆಯೆಂದು ಅನೇಕರು ಹೇಳುವರು. ಇಳಿಜಾರು ಕಾಣದಷ್ಟು ಮೆಲ್ಲಗಿರುವುದೇ ಮೋಸ. ಮೊದಲ ಬಿರುಮಳೆಯಲ್ಲಿ ಹಳ್ಳದ ನೀರಿನ ಬಣ್ಣವನ್ನು ನೋಡಿದರೆ ಸಾಕು.

ಆದುದರಿಂದ ಒಡ್ಡನ್ನು ಹೊಲದ ಮೇರೆಯನ್ನು ನೋಡಿ ಹಾಕದೆ ನೆಲದ ಸಮಮಟ್ಟವನ್ನು ನೋಡಿ ಹಾಕತಕ್ಕದ್ದು. ಆಳವಾದ ಎರೆಯಲ್ಲಿ ನೀರು ತಂಗಿದರೆ ತೊಗರಿಗೆ ಕೇಡು. ಅಂಥಲ್ಲಿ ಒಡ್ಡಿಗೆ ಕೊಂಚ ಓಟ ಕೊಟ್ಟು, ಹೆಚ್ಚಿನ ನೀರಿಗೆ ಕಲ್ಲಿನ ಕೋಡಿಯನ್ನು ಕಟ್ಟಬೇಕು. ಸಮಮಟ್ಟದ ಗೆರೆಯು ಒಬ್ಬನ ಹೊಲದಲ್ಲಿಯೇ ಮುಗಿಯುವುದಿಲ್ಲ. ಮೇಲಿನವನ ಒಡ್ಡು ಒಡೆದರೆ ಕೆಳಗಿನವನ ಬೆಳೆ ಹೋಗುವುದು. ಮೇಲೆ ನೀರು ಇಂಗದಿದ್ದರೆ ಕಮಲಾಪುರದ ತಗ್ಗಿನ ಕೆಂಪು ಬಾಳೆಯ ತೋಟಗಳಲ್ಲಿ ಬಾವಿಗಳು ಬೇಗನೆ ಬತ್ತುವುವು. ಗ್ರಾಮದ ಮುಖಂಡರು ಬೇಸಿಗೆಯಲ್ಲಿಯೇ ಮೇಲು ಕೆಳಗಿನ ಹೊಲದವರನ್ನು ಕೂಡಿಸಿ, ಮಟ್ಟವನ್ನು ಅಳೆಯಿಸಿ, ಮಿರುಗದ ಮಳೆಗೆ ಮುಂಚೆ ಕೆಲಸವನ್ನು ಮುಗಿಸತಕ್ಕದ್ದು.