ಗೆಡ್ಡೆ-ಗೆಣಸುಗಳ ನಾಟಿ ತಳಿಗಳು ಮತ್ತು ಸಣ್ಣ ರೈತನ ಹಿತ್ತಲು

ಸಂಕ್ರಾಂತಿಯ ದಿನ ಬೇಯಿಸಿದ ಗೆಣಸು, ಅವರೆಕಾಯಿ, ಕಡಲೆಕಾಯಿಗಳಿಲ್ಲದ ಮನೆ ನಮ್ಮ ಹಲಗೂರು ಸೀಮೆಯಲ್ಲಿ ವಿರಳ. ಶಿವರಾತ್ರಿಯ ಉಪವಾಸದಂದೂ ಗೆಣಸಿಗೆ ಸ್ಥಾನವುಂಟು. ಹೀಗೆ ವರ್ಷಕ್ಕೆರಡು ಬಾರಿಯಾದರೂ ನಾವು ಆದರದಿಂದ ನೆನೆಯುವ ಈ ಬೆಳೆ ಯಾವ ತಳಿಯದು, ಅದರ ಬಳ್ಳಿಯನ್ನು ತಲೆಮಾರಿನಿಂದ ತಲೆಮಾರಿಗೆ ಯಾರು ಕಾಪಾಡಿಕೊಂಡು ಬಂದರು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಮಾತ್ರ ಅಪರೂಪ. ಭತ್ತ, ರಾಗಿಗಳ ಹಳೆಯ ತಳಿಗಳ ಬಗೆಗೆ ಈಚೆಗೆ ಸಾಕಷ್ಟು ಮಾತು ಕೇಳಿಬರುತ್ತಿದೆ. ಮಣ್ಣಿನೊಳಗೆ ಅಡಗಿರುವ ಗೆಡ್ಡೆಗಳಿಗೆ ಆ ಭಾಗ್ಯ ಅಷ್ಟಾಗಿ ಒದಗಿಲ್ಲ. ಇವುಗಳ ಸಂರಕ್ಷಣೆಯು ಬಹುಪಾಲು ಸಣ್ಣ ರೈತನ ಹಿತ್ತಲಿನಲ್ಲಿಯೇ ಏಕೆ ನಡೆಯಬೇಕು, ಹೇಗೆ ನಡೆಯಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಗೆಡ್ಡೆ-ಗೆಣಸು ಎಂದು ನಾವು ಒಟ್ಟಾಗಿ ಕರೆಯುವ ಬೆಳೆಗಳಲ್ಲಿ ಎರಡು ಬಗೆಯುಂಟು. ಗೆಣಸು ಮತ್ತು ಮರಗೆಣಸುಗಳಲ್ಲಿ ನಾವು ತಿನ್ನುವುದು ಆಹಾರ ತುಂಬಿ ದಪ್ಪಗಾದ ಬೇರನ್ನು. ಸುವರ್ಣಗೆಡ್ಡೆ, ಶ್ಯಾಮೆಗೆಡ್ಡೆಯೆಂದೂ ಹೆಸರಾದ ಕೆಸವಿನ ಗೆಡ್ಡೆ, ಹೆಗ್ಗೆಣಸು ಇವುಗಳಲ್ಲಿ ತಿನ್ನುವುದು ನೆಲದೊಳಗಿನ ಕಾಂಡವನ್ನು. ಸುವರ್ಣಗೆಡ್ಡೆ, ಕೆಸವು, ಹೆಗ್ಗೆಣಸುಗಳು ಏಷ್ಯಾ ಖಂಡಕ್ಕೇ ಸೇರಿದವು. ಗೆಣಸು ಮತ್ತು ಮರಗೆಣಸುಗಳ ತವರು ಅಮೆರಿಕ ಖಂಡ. ಸಮುದ್ರಮಾರ್ಗ ತೆರೆದ ಮೇಲೆ ಯೂರೋಪಿನ ವರ್ತಕರ ಮೂಲಕ ಅವು ನಮ್ಮಲ್ಲಿಗೆ ಬಂದವು. ಹೊರಗಿನಿಂದ ಬಂದರೂ ನಮ್ಮ ಮಣ್ಣು ಮಳೆಗಳಿಗೆ ಒಗ್ಗಿ, ನಮ್ಮ ರೈತರ ಆಯ್ಕೆಗೆ ಒಳಗಾಗಿ ಅವು ನಾಟಿ ತಳಿಗಳೇ ಆಗಿವೆ. ಸಿಪ್ಪೆ ಕೆಂಪಾದುದು, ಬಿಳಿದಾದುದು; ತಿರುಳು ಬೆಳ್ಳಗಿನದು, ಹಳದಿಯದು, ನೇರಿಳೆಯದು; ಬೇಗ ಬಲಿಯುವುದು, ತಡವಾಗಿ ಬಲಿಯುವುದು; ಬೆಂದರೆ ಹಿಟ್ಟಿನಂತಾಗುವುದು, ನೀರಾಗಿ ಉಳಿಯುವುದು — ಹೀಗೆ ಗೆಣಸೊಂದರಲ್ಲಿಯೇ ಎಷ್ಟೋ ಭೇದಗಳು.

ಈ ಬೆಳೆಗಳಿಗೂ ಧಾನ್ಯಗಳಿಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ನಮ್ಮ ಮಳವಳ್ಳಿ ತಾಲ್ಲೂಕಿನವರೇ ಆದ ಕಿರುಗಾವಲಿನ ರೈತ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಉಳಿಸಿ ಬೆಳೆಸಿರುವುದು ನಾಡಿಗೆಲ್ಲ ತಿಳಿದ ಸಂಗತಿ. ಭತ್ತದ ಬೀಜವನ್ನು ಚೆನ್ನಾಗಿ ಒಣಗಿಸಿ ಶೇಖರಿಸಿಟ್ಟರೆ ಒಂದು ವರ್ಷ ಬಿತ್ತದಿದ್ದರೂ ತಳಿ ಉಳಿದೀತು. ಗೆಡ್ಡೆಯ ವಿಷಯ ಹಾಗಲ್ಲ. ಗೆಣಸನ್ನು ಬಳ್ಳಿಯ ತುಂಡಿನಿಂದ, ಮರಗೆಣಸನ್ನು ಕಾಂಡದ ತುಂಡಿನಿಂದ, ಸುವರ್ಣಗೆಡ್ಡೆಯನ್ನು ಗೆಡ್ಡೆಯಿಂದಲೇ ಬೆಳೆಸುತ್ತೇವೆ. ಇವು ಜೀವವಿರುವ, ನೀರಿನಂಶ ತುಂಬಿದ ವಸ್ತುಗಳು. ಡಬ್ಬಿಯಲ್ಲಿ ಮುಚ್ಚಿಡಲು ಬಾರದು. ಒಂದು ವರ್ಷ ನೆಡುವುದನ್ನು ಮರೆತರೆ ಆ ಮನೆಯಲ್ಲಿ ಆ ತಳಿ ಮುಗಿದಂತೆ. ಸಂಶೋಧನಾಲಯಗಳೂ ಇವನ್ನು ವರ್ಷ ವರ್ಷವೂ ಹೊಲದಲ್ಲಿ ನೆಟ್ಟು ಬೆಳೆಸಬೇಕು, ಇಲ್ಲವೆ ಅಂಗಾಂಶ ಕೃಷಿಯಿಂದ ಗಾಜಿನ ನಳಿಕೆಗಳಲ್ಲಿ ಕಾಪಾಡಬೇಕು. ಎರಡೂ ವೆಚ್ಚದ ಕೆಲಸ. ನೆಡುವುದು, ತಿನ್ನುವುದು, ಮತ್ತೆ ನೆಡುವುದು — ಇದೇ ಗೆಡ್ಡೆಯ ತಳಿಯನ್ನು ಉಳಿಸುವ ಹಳೆಯ ದಾರಿ.

ಒಂದೆರಡು ಒಳ್ಳೆಯ ತಳಿಗಳಿದ್ದರೆ ಸಾಲದೆ, ಹಲವು ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಇದಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ. ತುಂಡಿನಿಂದ ಬೆಳೆದ ಗಿಡಗಳೆಲ್ಲವೂ ಗುಣದಲ್ಲಿ ಒಂದೇ ಗಿಡವಿದ್ದಂತೆ. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ. ಐರ್ಲೆಂಡಿನ ಬಡ ರೈತರು ಬಹುಮಟ್ಟಿಗೆ 'ಲಂಪರ್' ಎಂಬ ಒಂದೇ ಆಲೂಗೆಡ್ಡೆಯ ತಳಿಯನ್ನು ನಂಬಿದ್ದರು. 1845ರಲ್ಲಿ ಅಂಗಮಾರಿ ರೋಗ ಬಂದು ಬೆಳೆ ಹೊಲದಲ್ಲಿಯೇ ಕೊಳೆಯಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ರೋಗಗಳಿಂದ ಸತ್ತರು. ಅಷ್ಟೇ ಜನ ದೇಶ ಬಿಟ್ಟರು. ಶಾಂತಸಾಗರದ ಸಮೋವಾ ದ್ವೀಪಗಳಲ್ಲಿ ಕೆಸವು ಜನರ ಮುಖ್ಯ ಆಹಾರವೂ ಹೌದು, ರಫ್ತಿನ ಬೆಳೆಯೂ ಆಗಿತ್ತು. ಅಲ್ಲಿಯೂ ಪೇಟೆ ಬಯಸುವ ಒಂದೇ ತಳಿ ಎಲ್ಲೆಡೆ ಹಬ್ಬಿತ್ತು. 1993ರಲ್ಲಿ ಎಲೆ ಅಂಗಮಾರಿ ಬಂದು ಕೆಸವಿನ ಬೆಳೆ ನೆಲಕಚ್ಚಿತು. ಬೇರೆ ದ್ವೀಪಗಳಲ್ಲಿಯೂ ಏಷ್ಯಾದಲ್ಲಿಯೂ ರೈತರು ಉಳಿಸಿಕೊಂಡಿದ್ದ ರೋಗ ತಡೆಯುವ ತಳಿಗಳನ್ನು ತಂದು ಸಂಕರಗೊಳಿಸಿದ ಮೇಲೆಯೇ ಅದು ಚೇತರಿಸಿಕೊಂಡಿತು. ಯಾರದೋ ಹಿತ್ತಲಿನ ಲೆಕ್ಕಕ್ಕಿಲ್ಲದ ಗೆಡ್ಡೆಯು ಇಡೀ ದೇಶದ ಬೆಳೆಯನ್ನು ಕಾಪಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇನ್ನು ನಮ್ಮ ಜಿಲ್ಲೆಯ ಸ್ಥಿತಿಯನ್ನು ನೋಡೋಣ. 1930ರ ದಶಕದಲ್ಲಿ ಕನ್ನಂಬಾಡಿಯ ನಾಲೆಯ ನೀರು ಬಂದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಕಬ್ಬು ಮತ್ತು ಭತ್ತಗಳು ಜಿಲ್ಲೆಯ ಬೆಳೆಗಳಾದವು. ಅದರಿಂದ ರೈತನಿಗೆ ಸಂಪತ್ತು ಬಂದಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಹಲಗೂರಿನ ಸುತ್ತಿನ ಬೆದ್ದಲು ಭೂಮಿಯಲ್ಲಿ ರಾಗಿ, ಹುರುಳಿಗಳ ಜೊತೆಗೆ ಹಿಪ್ಪುನೇರಳೆ ನೆಲೆಯೂರಿತು. ಹಿತ್ತಲುಗಳು ಮನೆ ಕಟ್ಟಲು ಒದಗಿದವು. ಬಚ್ಚಲ ನೀರು ಚರಂಡಿ ಸೇರಿತು. ತಿಪ್ಪೆಯ ಮಗ್ಗುಲಲ್ಲಿ ಸುವರ್ಣಗೆಡ್ಡೆ, ಬಚ್ಚಲ ಕಾಲುವೆಯ ಅಂಚಿನಲ್ಲಿ ಕೆಸವು, ಬೇಲಿಯ ಮೇಲೆ ಹೆಗ್ಗೆಣಸಿನ ಬಳ್ಳಿ — ಇವುಗಳಿಗೆ ತಾಣವೇ ಇಲ್ಲವಾಯಿತು. ಇವನ್ನು ನೋಡಿಕೊಳ್ಳುತ್ತಿದ್ದವರು ಬಹುಪಾಲು ಮನೆಯ ಹೆಂಗಸರು. ಯಾವ ಗೆಡ್ಡೆ ಬಾಯಿ ತುರಿಸುತ್ತದೆ, ಯಾವುದಕ್ಕೆ ಹುಣಿಸೆಹುಳಿ ಎಷ್ಟು ಬೇಕು, ಯಾವುದನ್ನು ಮರುವರ್ಷಕ್ಕೆ ಎತ್ತಿಡಬೇಕು ಎಂಬ ತಿಳಿವಳಿಕೆ ಪುಸ್ತಕದಲ್ಲಿರಲಿಲ್ಲ. ಅಜ್ಜಿಯೊಬ್ಬಳು ತೀರಿಕೊಂಡಾಗ ತಳಿಯ ಜೊತೆಗೆ ಅದರ ಹೆಸರೂ ಅಡಿಗೆಯೂ ಹೊರಟುಹೋಗುತ್ತವೆ.

ಹಾಗಾದರೆ ಉಳಿಸುವ ಕ್ರಮವೇನು? ಇದಕ್ಕೆ ಎಕರೆಗಟ್ಟಲೆ ಭೂಮಿ ಬೇಡ. ಒಂದೆರಡು ಗುಂಟೆ ಸಾಕು. ಗೆಣಸನ್ನು ಅಗೆದ ಮೇಲೆ ರೋಗವಿಲ್ಲದ ಬಳ್ಳಿಗಳನ್ನು ಆರಿಸಿ, ನೀರು ದೊರೆಯುವೆಡೆ ಸಣ್ಣ ಮಡಿಯಲ್ಲಿ ಬೆಳೆಸಿಟ್ಟುಕೊಳ್ಳಬೇಕು. ಮಳೆ ಬಂದಾಗ ನಾಲ್ಕೈದು ಗಿಣ್ಣುಗಳಿರುವ ತುಂಡುಗಳನ್ನು ನೆಡಬೇಕು. ಮೂತಿಹುಳುವಿನ ಕಾಟವಿರುವುದರಿಂದ ಪ್ರತಿ ಸಾರಿಯೂ ಜಾಗ ಬದಲಿಸುವುದು, ಬುಡಕ್ಕೆ ಮಣ್ಣೇರಿಸುವುದು ಅವಶ್ಯಕ. ಸುವರ್ಣಗೆಡ್ಡೆಯನ್ನು ಪ್ರತಿ ಹೋಳಿನಲ್ಲಿಯೂ ನಡುಮೊಳಕೆಯ ಭಾಗವಿರುವಂತೆ ಕತ್ತರಿಸಿ, ಸಗಣಿಯ ಬಗ್ಗಡದಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ ನೆಡುವುದು ವಾಡಿಕೆ. ಎಂಟೊಂಬತ್ತು ತಿಂಗಳಿಗೆ ಎಲೆ ಹಳದಿಯಾಗಿ ಒರಗಿದಾಗ ಅಗೆಯಬೇಕು. ಮರಗೆಣಸಿನಲ್ಲಿ ಬಲಿತ ಕಾಂಡವನ್ನು ಗೇಣುದ್ದ ಕತ್ತರಿಸಿ ನೆಡುತ್ತಾರೆ. ಎಲೆಯಲ್ಲಿ ಹಳದಿ ಮಚ್ಚೆಗಳು ಕಂಡ ಗಿಡದ ಕಾಂಡವನ್ನು ಬಳಸಕೂಡದು. ನಂಜುರೋಗವು ತುಂಡಿನ ಮೂಲಕವೇ ಮುಂದಿನ ಬೆಳೆಗೆ ದಾಟುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಒಂದು ತಳಿಯನ್ನು ಒಂದೇ ಮನೆಯಲ್ಲಿಡದೆ ಎರಡು ಮೂರು ಮನೆಗಳಿಗೆ ಹಂಚಬೇಕು. ನಮ್ಮಲ್ಲಿ ಬರದಿಂದಲೋ ಕಾಡುಹಂದಿಯಿಂದಲೋ ಹಾಳಾದರೆ ನೆರೆಯವರಿಂದ ಮರಳಿ ಪಡೆಯಬಹುದು. ಕೊಟ್ಟದ್ದೇ ಉಳಿಯುತ್ತದೆಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಈ ಕಾರ್ಯ ಹೊಸದೇನೂ ಅಲ್ಲ. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಜನರು ಕೆಸವಿನ ಬಳಗದ ಮುಡ್ಲಿಯೇ ಮೊದಲಾದ ಅನೇಕ ಗೆಡ್ಡೆಗಳನ್ನು ಹಿತ್ತಲು ಹೊಲಗಳಲ್ಲಿ ಉಳಿಸಿಕೊಂಡಿದ್ದಾರೆ. ಅಲ್ಲಿ ಗೆಡ್ಡೆ-ಗೆಣಸುಗಳ ಮೇಳವೂ ನಡೆದುಬಂದಿದೆ. ಗಡಿಯಾಚೆಯ ವಯನಾಡಿನ ರೈತ ಎನ್. ಎಂ. ಷಾಜಿ ಅವರು ಇನ್ನೂರಕ್ಕೂ ಹೆಚ್ಚು ಬಗೆಯ ಗೆಡ್ಡೆಗಳನ್ನು ಸಂಗ್ರಹಿಸಿ ಬೆಳೆಸಿದ್ದಾರೆ. ತಿರುವನಂತಪುರದಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ತಳಿ ಸಂಗ್ರಹದೊಡನೆ ಸುಧಾರಿತ ತಳಿಗಳನ್ನೂ ಒದಗಿಸಿದೆ. ಹೊಸ ತಳಿಗಳಿಗೂ ಹಳೆಯವಕ್ಕೂ ವಿರೋಧವಿಲ್ಲ. ಹಳೆಯವೇ ಹೊಸವಕ್ಕೆ ಮೂಲಧನ. ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆಯ ಮೇರೆಗೆ ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿಕೊಳ್ಳಲು ಅವಕಾಶವಿದೆ.

ವಿದ್ಯಾಸಂಸ್ಥೆಯೊಂದು ಈ ವಿಷಯದಲ್ಲಿ ಮಾಡಬಹುದಾದುದು ಬಹಳವಿದೆ. ಶಾಲೆಯ ತೋಟದಲ್ಲಿ ಒಂದು ಮೂಲೆಯನ್ನು ಗೆಡ್ಡೆಗಳಿಗೆಂದು ಬಿಡಬಹುದು. ಹಳ್ಳಿಗಳಿಂದ ಬರುವ ಮಕ್ಕಳು ತಮ್ಮ ಮನೆಯ ಒಂದು ಗೆಡ್ಡೆಯನ್ನೋ ಬಳ್ಳಿಯ ತುಂಡನ್ನೋ ತಂದು, ಅದರ ಹೆಸರು, ಕೊಟ್ಟವರ ಹೆಸರು, ಬೇಯಿಸುವ ಬಗೆ ಇವನ್ನು ಅಜ್ಜಿಯರಿಂದ ಕೇಳಿ ಬರೆದಿಡಬಹುದು. ದಾಸೋಹದ ಅಡಿಗೆಮನೆಗೆ ವಾರಕ್ಕೊಮ್ಮೆ ಸುತ್ತಿನ ರೈತರಿಂದ ಗೆಡ್ಡೆ ಕೊಂಡರೆ ಬೆಳೆಯುವವರಿಗೂ ಉತ್ಸಾಹ ಬಂದೀತು. ದೂರದ ಊರುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ಮುಂದಿನ ಸಂಕ್ರಾಂತಿಗೆ ಊರಿಗೆ ಬಂದಾಗ, ತಮ್ಮ ಮನೆಯ ಹಿತ್ತಲಿನಲ್ಲಿ ಹಿಂದೆ ಏನೇನು ಬೆಳೆಯುತ್ತಿತ್ತೆಂದು ಹಿರಿಯರನ್ನು ಒಮ್ಮೆ ವಿಚಾರಿಸಲಿ. ಬಳ್ಳಿ ಇನ್ನೂ ಉಳಿದಿದ್ದರೆ ಎರಡು ತುಂಡು ಕಿತ್ತು ಎರಡು ಮನೆಗೆ ಕೊಡಲಿ. ಈ ಕೆಲಸಕ್ಕೆ ಹಣ ಹೆಚ್ಚು ಬೇಡ. ಬೇಕಾದುದು ಕಾಲಕ್ಕೆ ಸರಿಯಾಗಿ ಮಾಡುವ ಎಚ್ಚರ. ಏಕೆಂದರೆ ಈ ವರ್ಷ ನೆಡದ ಗೆಡ್ಡೆಯನ್ನು ಮುಂದಿನ ವರ್ಷ ಹುಡುಕಿದರೆ ದೊರೆಯದು.