ಗೋಡೆಯ ಹಲ್ಲಿ, ಹಡಗಿನ ಹಲ್ಲಿ

ಮನುಷ್ಯನ ಬೆನ್ನುಹತ್ತಿ ಬಹುದೂರ ಸಾಗಿದ ಸರೀಸೃಪಗಳಲ್ಲಿ ಮನೆಹಲ್ಲಿಯದು ಮುಂಚೂಣಿಯ ಹೆಸರು. ದಕ್ಷಿಣ ಹಾಗೂ ಆಗ್ನೇಯ ಏಷ್ಯಾ ಇದರ ಮೂಲ ನೆಲೆ. ಇಂದು ಇದು ಉತ್ತರ ಆಸ್ಟ್ರೇಲಿಯಾ, ಹವಾಯಿ, ಪೆಸಿಫಿಕ್ ಸಾಗರದ ಅಸಂಖ್ಯ ದ್ವೀಪಗಳು, ಮಾರಿಷಸ್, ಪೂರ್ವ ಆಫ್ರಿಕಾ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಊರುಗಳಲ್ಲೂ ಗೋಡೆ ಹತ್ತಿ ಕೂತಿದೆ. ನಾಲ್ಕೈದು ಗ್ರಾಂ ತೂಗುವ, ಸಾಗರ ಈಜಲಾರದ ಈ ಜೀವಿ ಅಷ್ಟು ದೂರ ಹೋದದ್ದು ಹಡಗುಗಳ ಸರಕಿನ ನಡುವೆ ಅಡಗಿಕೊಂಡು. ಗೋಡೆಯ ಮೇಲಿನ ಬದುಕಿಗೆ ಒದಗಿದ ಅಂಗಗಳೇ ಕಡಲ ಪಯಣಕ್ಕೂ ಒದಗಿಬಂದವು. ಹಲ್ಲಿಯ ಕಾಲು, ಕಣ್ಣು, ಬಾಲ, ಮೊಟ್ಟೆಗಳನ್ನು ಒಂದೊಂದಾಗಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಯಾವುದು ಮನೆಹಲ್ಲಿ

ಕರ್ನಾಟಕದ ಮನೆಗಳಲ್ಲಿ ಕಾಣುವ ಹಲ್ಲಿಗಳೆಲ್ಲ ಒಂದೇ ಪ್ರಭೇದದವಲ್ಲ. ಬಹುಪಾಲು ಹೆಮಿಡ್ಯಾಕ್ಟೈಲಸ್ ಎಂಬ ದೊಡ್ಡ ಕುಲಕ್ಕೆ ಸೇರಿದವು. ಮರದ ಕಾಂಡದ ಮೇಲೂ ಹಳೆಯ ಮನೆಗಳ ಜಂತಿಯ ಮೇಲೂ ಇರುವ ದಪ್ಪ ಮೈಯ ಹಲ್ಲಿ ಹೆಮಿಡ್ಯಾಕ್ಟೈಲಸ್ ಲೆಶನಾಲ್ಟಿ. ತೆಳು ಮೈಯ, ಬೂದು ಅಥವಾ ಮಾಸಲು ಕಂದು ಬಣ್ಣದ, ರಾತ್ರಿ ಟ್ಯೂಬ್‌ಲೈಟಿನ ಸುತ್ತ ಸುಳಿಯುವ ಹಲ್ಲಿ ಹೆಮಿಡ್ಯಾಕ್ಟೈಲಸ್ ಫ್ರೆನೇಟಸ್. ಹಡಗೇರಿ ಲೋಕ ಸುತ್ತಿದ್ದು ಮುಖ್ಯವಾಗಿ ಈ ಎರಡನೆಯದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2010ರಲ್ಲಿ ಈ ಕುಲದ ಹಲ್ಲಿಗಳ ಡಿಎನ್ಎ ಹೋಲಿಸಿ ವಂಶವೃಕ್ಷವೊಂದನ್ನು ರಚಿಸಿದರು. ಭಾರತ ಉಪಖಂಡದ ಬಹುಪಾಲು ಪ್ರಭೇದಗಳು ಒಂದೇ ಕವಲಿನಿಂದ ಬಂದವೆಂದೂ ಏಷ್ಯಾದ ಮನೆಹಲ್ಲಿಗಳ ಮೂಲ ಭಾರತವೆಂದೂ ಅದರಿಂದ ತಿಳಿಯಿತು. ಅದೇ ಕುಲದ ಪ್ರಸಾದ್ ಹಲ್ಲಿಯನ್ನು ಜೋಗದ ಸುತ್ತಲಿನ ಮಾದರಿಯಿಂದ ಸರೀಸೃಪ ತಜ್ಞ ಮಾಲ್ಕಂ ಸ್ಮಿತ್ 1935ರಲ್ಲಿ ವಿವರಿಸಿದರು. ಅದು ಇಂದಿಗೂ ಪಶ್ಚಿಮ ಘಟ್ಟದ ಆಸುಪಾಸಿನಲ್ಲೇ ಉಳಿದಿದೆ. ಒಂದೇ ಕುಲದ ಒಂದು ಹಲ್ಲಿ ಘಟ್ಟ ಬಿಟ್ಟಿಲ್ಲ, ಇನ್ನೊಂದು ಮನುಷ್ಯನ ಮಗ್ಗುಲಲ್ಲಿ ಬಾಳಲು ಕಲಿತು ಸಾಗರಗಳನ್ನೇ ದಾಟಿತು.

ಕಾಲಿನ ಹಿಡಿತ

ಹಲ್ಲಿಯ ಪಾದವನ್ನು ನೋಡಲು ಕಿಟಕಿಯ ಗಾಜು ತಕ್ಕ ಜಾಗ. ಹೊರಮೈಗೆ ಅಂಟಿದ ಹಲ್ಲಿಯನ್ನು ಒಳಗಿನಿಂದ ನೋಡಿದರೆ ಪ್ರತಿ ಬೆರಳಿನ ಅಡಿಯಲ್ಲಿ ಅಡ್ಡಡ್ಡವಾಗಿ ಜೋಡಿಸಿದ ಬಿಳಿಚು ಪಟ್ಟಿಗಳು ಕಾಣುತ್ತವೆ. ಹೆಮಿಡ್ಯಾಕ್ಟೈಲಸ್ ಹಲ್ಲಿಗಳಲ್ಲಿ ಈ ಪಟ್ಟಿಗಳು ನಡುವೆ ಸೀಳಿ ಎರಡು ಸಾಲಾಗಿರುತ್ತವೆ. ಹೆಜ್ಜೆ ಎತ್ತುವಾಗ ಬೆರಳು ತುದಿಯಿಂದ ಮೇಲಕ್ಕೆ ಸುರುಳುತ್ತದೆ. ಊರುವಾಗ ಮತ್ತೆ ಚಾಚಿಕೊಳ್ಳುತ್ತದೆ.

ಬರಿಗಣ್ಣಿಗೆ ಕಾಣದ್ದು ಆ ಪಟ್ಟಿಗಳ ಮೇಲಿನ ರೋಮಗಳು. ಆಗ್ನೇಯ ಏಷ್ಯಾದ ದೊಡ್ಡ ಹಲ್ಲಿಯಾದ ಟೋಕೆಯ ಒಂದು ಪಾದದಲ್ಲಿ ಸುಮಾರು 5 ಲಕ್ಷ ರೋಮಗಳಿವೆ. ಒಂದೊಂದರ ಉದ್ದ 30ರಿಂದ 130 ಮೈಕ್ರೋಮೀಟರ್. ಪ್ರತಿ ರೋಮದ ತುದಿ ನೂರಾರು ಎಳೆಗಳಾಗಿ ಕವಲೊಡೆದು, ಎಳೆಯ ಕೊನೆಯಲ್ಲಿ ಸುಮಾರು 200 ನ್ಯಾನೋಮೀಟರ್ ಅಗಲದ ಚಪ್ಪಟೆ ತುದಿ ಇರುತ್ತದೆ.

ಹಲ್ಲಿ ಗಾಜಿಗೆ ಅಂಟುವುದು ಹೇಗೆಂಬ ಪ್ರಶ್ನೆ ಬಹುಕಾಲ ಬಗೆಹರಿದಿರಲಿಲ್ಲ. ಅಂಟು ಒಸರುವ ಗ್ರಂಥಿ ಅದರ ಬೆರಳಿನಲ್ಲಿಲ್ಲ. ಗಾಳಿ ಹೀರಿ ಹಿಡಿಯುತ್ತದೆ ಎನ್ನೋಣವೆಂದರೆ ನಿರ್ವಾತದಲ್ಲೂ ಅದರ ಪಾದ ಅಂಟಿಕೊಳ್ಳುತ್ತದೆ. ಅಮೆರಿಕದ ಕೆಲರ್ ಆಟಮ್ ಮತ್ತು ಸಂಗಡಿಗರು 2000ದಲ್ಲಿ ಒಂದೇ ಒಂದು ರೋಮದ ಬಲವನ್ನು ಅಳೆದರು. 2002ರ ಅವರ ಪ್ರಯೋಗಗಳಿಂದ, ಅಣುಗಳು ತೀರಾ ಹತ್ತಿರ ಬಂದಾಗ ಅವುಗಳ ನಡುವೆ ಹುಟ್ಟುವ ವಾನ್ ಡರ್ ವಾಲ್ಸ್ ಸೆಳೆತವೇ ಈ ಹಿಡಿತಕ್ಕೆ ಕಾರಣವೆಂಬುದು ಗಟ್ಟಿಯಾಯಿತು. ಒಂದು ತುದಿಯ ಸೆಳೆತ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಕೋಟ್ಯಂತರ ತುದಿಗಳು ಏಕಕಾಲಕ್ಕೆ ಮೇಲ್ಮೈಯನ್ನು ಮುಟ್ಟುವುದರಿಂದ ದೇಹದ ಭಾರಕ್ಕಿಂತ ಅನೇಕ ಪಟ್ಟು ಬಲ ಕೂಡಿಬರುತ್ತದೆ.

ಅಂಟುವಷ್ಟೇ ಸಲೀಸಾಗಿ ಬಿಡಿಸಿಕೊಳ್ಳದಿದ್ದರೆ ಓಟ ಸಾಧ್ಯವಿಲ್ಲ. ರೋಮ ಮತ್ತು ಮೇಲ್ಮೈ ನಡುವಿನ ಕೋನ ಸುಮಾರು 30 ಡಿಗ್ರಿ ಮೀರಿದರೆ ಹಿಡಿತ ತಾನಾಗಿ ಕಳಚುತ್ತದೆ. ಬೆರಳನ್ನು ಮೇಲಕ್ಕೆ ಸುರುಳಿಸುವುದರ ಉದ್ದೇಶ ಈ ಕೋನವನ್ನು ಹಿಗ್ಗಿಸುವುದು. ಅಂಟುಪಟ್ಟಿಯನ್ನು ಒಂದು ತುದಿಯಿಂದ ಸುಲಿದಂತೆ ಪಾದ ಎದ್ದುಬರುತ್ತದೆ. ಒರಟು ಗೋಡೆಯಲ್ಲಿ ಉಗುರುಗಳೂ ನೆರವಾಗುತ್ತವೆ. ರೋಮಗಳು ನಡಿಗೆಯಲ್ಲೇ ಧೂಳು ಕೊಡವಿಕೊಳ್ಳುತ್ತವೆ. ಈ ಪಾದಕ್ಕೂ ಮಿತಿಯುಂಟು. ಒಣ ಟೆಫ್ಲಾನ್ ಮೇಲೆ ಅದು ಜಾರುತ್ತದೆ. ನೀರಿನಲ್ಲಿ ನೆನೆದ ಗಾಜಿನ ಮೇಲೆ ಹಿಡಿತ ಕುಗ್ಗುತ್ತದೆ. ಪುಡಿಪುಡಿಯಾಗಿ ಉದುರುವ ಮೇಲ್ಮೈ ಮೇಲೂ ಅದರ ಆಟ ನಡೆಯುವುದಿಲ್ಲ.

ಇದೇ ತತ್ತ್ವವನ್ನು ಅನುಸರಿಸಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ತಂಡ 2003ರಲ್ಲಿ ಅಂಟಿಲ್ಲದೆ ಅಂಟುವ ಪಟ್ಟಿಯೊಂದನ್ನು ತಯಾರಿಸಿತು. ಗೋಡೆ ಹತ್ತುವ ರೋಬಾಟ್‌ಗಳಿಗೂ ಇದೇ ಪಾದ ಮಾದರಿಯಾಗಿದೆ.

ದೀಪ, ಕಣ್ಣು, ದನಿ

ಮನೆಹಲ್ಲಿ ನಿಶಾಚರಿ. ಅದರ ಕಣ್ಣಿಗೆ ಮುಚ್ಚುವ ರೆಪ್ಪೆಯಿಲ್ಲ. ಪಾರದರ್ಶಕ ಪೊರೆಯೊಂದು ಕಣ್ಣನ್ನು ಕಾಯುತ್ತದೆ. ಆ ಪೊರೆಯನ್ನು ಹಲ್ಲಿ ನಾಲಗೆಯಿಂದ ನೆಕ್ಕಿ ಶುಚಿಗೊಳಿಸುತ್ತದೆ. ಹಗಲಲ್ಲಿ ಕಣ್ಣಾಲಿ ಕಿರಿದಾಗಿ ನೆಟ್ಟನೆಯ ಸೀಳಾಗುತ್ತದೆ, ಕತ್ತಲಲ್ಲಿ ಅಗಲವಾಗಿ ತೆರೆದುಕೊಳ್ಳುತ್ತದೆ. ಮನುಷ್ಯನ ಕಣ್ಣಿಗೆ ಎಲ್ಲವೂ ಬೂದಾಗಿ ಕಾಣುವ ಮಬ್ಬಿನಲ್ಲೂ ಕೆಲವು ಹಲ್ಲಿಗಳು ಬಣ್ಣ ಗುರುತಿಸುತ್ತವೆ.

ಇಂಥ ಕಣ್ಣಿರುವ ಪ್ರಾಣಿ ದೀಪದ ಬಳಿಗೆ ಬರುವುದು ಬೆಳಕಿಗಾಗಿ ಅಲ್ಲ, ಬೆಳಕಿಗೆ ಮುತ್ತುವ ಹುಳುಗಳಿಗಾಗಿ. ಪತಂಗ, ಗೆದ್ದಲ ಹಾತೆ, ಸೊಳ್ಳೆ, ಜೇಡ, ಎಳೆಯ ಜಿರಲೆ ಎಲ್ಲವೂ ಅದಕ್ಕೆ ಆಹಾರ. ಕಾಡಿನಲ್ಲಿ ಅಲ್ಲಲ್ಲಿ ಚದುರಿದ ಬೇಟೆಯನ್ನು ವಿದ್ಯುದ್ದೀಪ ಒಂದೆಡೆ ರಾಶಿ ಹಾಕಿಕೊಡುತ್ತದೆ. ಒಳ್ಳೆಯ ದೀಪಕ್ಕಾಗಿ ಗಂಡುಗಳ ನಡುವೆ ಕಾದಾಟವೂ ನಡೆಯುತ್ತದೆ.

ಹಲ್ಲಿಗಳು ಸರೀಸೃಪಗಳಲ್ಲೇ ಹೆಚ್ಚು ಮಾತಾಡುವ ಗುಂಪು. ಲೊಚಲೊಚ ಎಂದು ಸಾಲಾಗಿ ಕೇಳುವ ದನಿ ಈ ಜಾಗ ನನ್ನದೆಂಬ ಸಾರಿಕೆ. ಗಂಡು ಹೆಣ್ಣು ಎದುರಾದಾಗಲೂ ಅದು ಕೇಳಿಸುತ್ತದೆ. ಶತ್ರು ಹಿಡಿದಾಗ ಹೊರಡುವುದು ಒಂದೇ ಕೀಚಲು ದನಿ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆಡಿದ್ದು ನಿಜವಾಗುತ್ತದೆ ಎಂಬ ನಂಬಿಕೆ ಕನ್ನಡ ನಾಡಿನಲ್ಲಿ ಬೇರೂರಿದೆ. ಪಂಚಾಂಗಗಳಲ್ಲಿ ಹಲ್ಲಿ ಮೈಮೇಲೆ ಬಿದ್ದ ಫಲವೂ ಅಚ್ಚಾಗುತ್ತದೆ. ಹಲ್ಲಿಯ ಮಟ್ಟಿಗೆ ಆ ಲೊಚಗುಟ್ಟುವಿಕೆ ಇನ್ನೊಂದು ಹಲ್ಲಿಗೆ ಹೇಳಿದ ಮಾತು ಅಷ್ಟೇ.

ಬಾಲ ಮತ್ತು ನೀರು

ಬಾಲ ಕಳಚುವುದು ಹಲ್ಲಿಯ ಪ್ರಸಿದ್ಧ ಗುಣ. ಬಾಲದ ಕಶೇರುಗಳಲ್ಲಿ ಮೊದಲೇ ಮುರಿಯಲು ಸಿದ್ಧವಾದ ಗೆರೆಗಳಿವೆ. ಸ್ನಾಯು ಬಿಗಿದಾಗ ಬಾಲ ಅಲ್ಲಿ ಕಳಚುತ್ತದೆ, ರಕ್ತನಾಳ ಕುಗ್ಗಿ ನೆತ್ತರು ಹೆಚ್ಚು ಸೋರುವುದಿಲ್ಲ. ಬೆಕ್ಕು ಒದ್ದಾಡುವ ತುಂಡಿನ ಮೇಲೆ ಗಮನವಿಟ್ಟಿರುವಾಗ ಹಲ್ಲಿ ಸಂದಿ ಸೇರುತ್ತದೆ. ಮತ್ತೆ ಬೆಳೆಯುವ ಬಾಲದಲ್ಲಿ ಕಶೇರುಗಳಿರುವುದಿಲ್ಲ, ಮೃದ್ವಸ್ಥಿಯ ಕೊಳವೆಯಿರುತ್ತದೆ. ಬಾಲದಲ್ಲಿ ಕೊಬ್ಬು ಶೇಖರವಾಗುವುದರಿಂದ ಅದನ್ನು ಕಳೆದುಕೊಳ್ಳುವುದು ಹಲ್ಲಿಗೆ ದುಬಾರಿ.

ಬಾಲಕ್ಕೆ ಬೇರೆ ಕೆಲಸಗಳೂ ಇವೆ. ಚಪ್ಪಟೆ ಬಾಲದ ಮನೆಹಲ್ಲಿ ಬೆನ್ನಡಿಯಾಗಿ ಬಿದ್ದರೆ ಬಾಲವನ್ನು ಬೀಸಿ ಗಾಳಿಯಲ್ಲೇ ಮಗುಚಿಕೊಂಡು ಕಾಲೂರುತ್ತದೆ ಎಂಬುದನ್ನು 2008ರ ಅಧ್ಯಯನ ತೋರಿಸಿತು. ಇದೇ ಹಲ್ಲಿ ನೀರಿನ ಮೇಲೂ ಓಡಬಲ್ಲದು. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಪಾದಗಳಿಂದ ನೀರನ್ನು ಬಡಿಯುತ್ತ, ನೀರಿನ ಮೇಲ್ಮೈ ಸೆಳೆತವನ್ನೂ ಒದ್ದೆಯಾಗದ ಚರ್ಮವನ್ನೂ ಬಳಸಿಕೊಂಡು, ಮೈಬಾಲಗಳನ್ನು ಬಳುಕಿಸುತ್ತ ಸೆಕೆಂಡಿಗೆ ಒಂದು ಮೀಟರಿನ ಹತ್ತಿರದ ವೇಗದಲ್ಲಿ ಸಾಗಿತು. ದೋಣಿಯಿಂದ ದಕ್ಕೆಗೆ ಹಾರುವಾಗ ನೀರಿಗೆ ಬಿದ್ದರೂ ಇಂಥ ಹಲ್ಲಿಗೆ ಪಾರಾಗುವ ದಾರಿಯುಂಟು.

ಮೊಟ್ಟೆ

ಕಡಲ ಪಯಣದಲ್ಲಿ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಮೊಟ್ಟೆ. ಬಸುರಿ ಹಲ್ಲಿಯ ಹೊಟ್ಟೆಯ ತೆಳು ಚರ್ಮದ ಮೂಲಕ ಎರಡು ಬಿಳಿ ಗುಂಡುಗಳು ಎದ್ದು ಕಾಣುತ್ತವೆ. ಮನೆಹಲ್ಲಿ ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಅನೇಕ ಹಾವು, ಓತಿಗಳ ಮೊಟ್ಟೆಯ ಚಿಪ್ಪು ಚರ್ಮದಂತೆ ಮೆತ್ತಗಿದ್ದು ತೇವವಿಲ್ಲದೆ ಬತ್ತಿಹೋಗುತ್ತದೆ. ಮನೆಹಲ್ಲಿಯ ಮೊಟ್ಟೆಗೆ ಸುಣ್ಣದ ಗಟ್ಟಿ ಚಿಪ್ಪಿದೆ. ಹಂಚಿನ ಸಂದಿ, ಕಪಾಟಿನ ಹಿಂಬದಿ, ಸ್ವಿಚ್‌ಬೋರ್ಡಿನ ಒಳಗಿನಂಥ ಒಣ ಜಾಗದಲ್ಲೂ ಅದು ವಾರಗಟ್ಟಲೆ ಕೆಡದೆ ಉಳಿದು ಮರಿಯಾಗುತ್ತದೆ. ಹಲವು ಹೆಣ್ಣುಗಳು ಒಂದೇ ಸಂದಿಯಲ್ಲಿ ಮೊಟ್ಟೆಯಿಡುವುದೂ ಉಂಟು.

ಹೆಣ್ಣು ಹಲ್ಲಿ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ದೇಹದಲ್ಲಿ ಕಾಪಿಟ್ಟುಕೊಳ್ಳಬಲ್ಲದು. ಹೀಗಾಗಿ ಒಂಟಿ ಹೆಣ್ಣೊಂದು ದಡ ಸೇರಿದರೂ ಅಲ್ಲಿ ಸಂತಾನ ಬೆಳೆಯುವ ಸಾಧ್ಯತೆಯಿದೆ.

ಹಡಗೇರುವ ಬಗೆ

ಹಡಗು ಹಲ್ಲಿಯ ಪಾಲಿಗೆ ಮತ್ತೊಂದು ಮನೆ. ಅಲ್ಲಿ ನೆಟ್ಟನೆಯ ನುಣುಪು ಗೋಡೆಗಳಿವೆ, ರಾತ್ರಿಯಿಡೀ ಉರಿಯುವ ದೀಪಗಳಿವೆ, ಉಗ್ರಾಣದಲ್ಲಿ ಜಿರಲೆಗಳಿವೆ. ಶೀತರಕ್ತದ ಪ್ರಾಣಿಯಾದ್ದರಿಂದ ಹಲ್ಲಿಗೆ ತನ್ನಷ್ಟೇ ತೂಕದ ಇಲಿಮರಿಗಿಂತ ಬಹಳ ಕಡಿಮೆ ಆಹಾರ ಸಾಕು. ಲೋಹದ ಮೇಲೆ ಕೂಡುವ ಇಬ್ಬನಿಯನ್ನು ನೆಕ್ಕಿ ನೀರಡಿಕೆ ನೀಗಿಕೊಳ್ಳುತ್ತದೆ. ಮರದ ದಿಮ್ಮಿ, ಕಂಟೇನರ್, ಕುಂಡದ ಗಿಡ, ಹಣ್ಣಿನ ಪೆಟ್ಟಿಗೆ, ಜೋಡಿಸಿಟ್ಟ ಹಂಚು ಇವೆಲ್ಲ ಹಲ್ಲಿಗೂ ಅದರ ಮೊಟ್ಟೆಗೂ ಹೇಳಿಮಾಡಿಸಿದ ಅಡಗುತಾಣ. ಉಷ್ಣವಲಯದ ಕಡಲಲ್ಲಿ ಅಲೆಯುವ ಹಾಯಿದೋಣಿಗಳೂ ದಕ್ಕೆಗೆ ಕಟ್ಟಿದ ಒಂದೆರಡು ರಾತ್ರಿಯಲ್ಲಿ ಹಗ್ಗದ ಮೇಲೆ ನಡೆದು ಬಂದ ಹಲ್ಲಿಯನ್ನು ಹೊತ್ತು ಹೊರಡುತ್ತವೆ.

ಕರ್ನಾಟಕದ ಕರಾವಳಿಯಲ್ಲೂ ಇಂಥ ಜಲಮಾರ್ಗಗಳಿವೆ. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ನೌಕೆಗಳು ದಿನಸಿ, ತರಕಾರಿ, ಕಟ್ಟಡ ಸಾಮಗ್ರಿಗಳನ್ನು ಹೇರಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತವೆ. ಬಾಸೆಲ್ ಮಿಶನ್ 1865ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹಂಚು ಹಿಂದೂ ಮಹಾಸಾಗರದ ಆಚೆಯ ಊರುಗಳಿಗೂ ಹಡಗಿನಲ್ಲಿ ಹೋಯಿತು. ಮನೆಹಲ್ಲಿ ಲಕ್ಷದ್ವೀಪದಲ್ಲೂ ಇದೆ, ಹಿಂದೂ ಮಹಾಸಾಗರದ ಇತರ ಅನೇಕ ದ್ವೀಪಗಳಲ್ಲೂ ಇದೆ.

ಪೆಸಿಫಿಕ್ ಸಾಗರದಲ್ಲಿ ಈ ಕಥೆ ಇನ್ನೂ ಹಳೆಯದು. ಅಲ್ಲಿ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಸಾಗಿದ ಪಾಲಿನೇಷ್ಯದ ಜನರೊಂದಿಗೆ ಬೇರೆ ಸಣ್ಣ ಹಲ್ಲಿಗಳು ಹೋದವು. ಅವುಗಳಲ್ಲಿ ಲೆಪಿಡೊಡ್ಯಾಕ್ಟೈಲಸ್ ಲುಗುಬ್ರಿಸ್ ಎಂಬುದರಲ್ಲಿ ಹೆಚ್ಚುಕಡಿಮೆ ಹೆಣ್ಣುಗಳೇ ಇವೆ. ಗಂಡಿನ ನೆರವಿಲ್ಲದೆ ಅವು ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಏಷ್ಯಾದ ಮನೆಹಲ್ಲಿ ಅಲ್ಲಿಗೆ ತಡವಾಗಿ ತಲುಪಿತು. ಹವಾಯಿಗೆ ಅದು ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯಾದ ಡಾರ್ವಿನ್, ಬ್ರಿಸ್ಬೇನ್ ಬಂದರು ನಗರಗಳಲ್ಲಿ ಅದು ನೆಲೆಯೂರಿತು.

ದ್ವೀಪಗಳ ಮೇಲಿನ ಪರಿಣಾಮ

ತವರಿನಲ್ಲಿ ನಿರುಪದ್ರವಿಯಾದ ಪ್ರಾಣಿ ದ್ವೀಪದಲ್ಲಿ ಹಾನಿ ಮಾಡಬಲ್ಲದು. ಹವಾಯಿಯ ಊರುಗಳಲ್ಲಿ ಏಷ್ಯಾದ ಮನೆಹಲ್ಲಿ ಬಂದ ಮೇಲೆ ಲುಗುಬ್ರಿಸ್ ಹಲ್ಲಿಯ ಸಂಖ್ಯೆ ಇಳಿಯಿತು. ಸಂಶೋಧಕರಾದ ಕೆನೆತ್ ಪೆಟ್ರೆನ್ ಮತ್ತು ಟೆಡ್ ಕೇಸ್ ವಿಮಾನ ನಿಲ್ಲಿಸುವ ಹಳೆಯ ಶೆಡ್‌ಗಳಲ್ಲಿ ಎರಡೂ ಹಲ್ಲಿಗಳನ್ನಿಟ್ಟು ಕಾರಣ ಹುಡುಕಿದರು. ಬರಿಯ ಗೋಡೆ, ದೀಪದ ಸುತ್ತ ಮುತ್ತಿದ ಹುಳು ಇವೆರಡೂ ಸೇರಿದಲ್ಲಿ ದೊಡ್ಡದೂ ಚುರುಕಾದದ್ದೂ ಆದ ಮನೆಹಲ್ಲಿ ಬೇಟೆಯನ್ನೆಲ್ಲ ಬಾಚಿಕೊಳ್ಳುತ್ತದೆ, ಸಣ್ಣದು ಸೊರಗುತ್ತದೆ. ಗೋಡೆಯಲ್ಲಿ ತಡೆಗಳನ್ನಿಟ್ಟು ಬೇಟೆಯಾಡುವುದನ್ನು ಕಷ್ಟಗೊಳಿಸಿದಾಗ ಮನೆಹಲ್ಲಿಯ ಮೇಲುಗೈ ಕುಗ್ಗಿತು.

ಮಾರಿಷಸ್‌ನಲ್ಲಿ ನಷ್ಟ ಇನ್ನೂ ದೊಡ್ಡದು. ಅಲ್ಲಿಗೇ ವಿಶಿಷ್ಟವಾದ ನ್ಯಾಕ್ಟಸ್ ಕುಲದ ಹಲ್ಲಿಗಳು ಮುಖ್ಯ ದ್ವೀಪದಿಂದ ಮರೆಯಾಗಿ ಸುತ್ತಲಿನ ಪುಟ್ಟ ದ್ವೀಪಗಳಲ್ಲಷ್ಟೇ ಉಳಿದಿವೆ. ಮನೆಹಲ್ಲಿ ಅವುಗಳನ್ನು ಅಡಗುತಾಣದಿಂದ ಓಡಿಸುತ್ತದೆ, ಹಿಡಿದು ತಿನ್ನುವುದೂ ಉಂಟು. ನ್ಯಾಕ್ಟಸ್ ಹಲ್ಲಿಗಳ ಬೆರಳಿನಲ್ಲಿ ಅಂಟುವ ಪಟ್ಟಿಗಳಿಲ್ಲ. ಉದುರುವ ಜ್ವಾಲಾಮುಖಿ ಕಲ್ಲಿನ ಮೇಲೆ ಮನೆಹಲ್ಲಿಯ ಪಾದ ಹಿಡಿತ ಕಳೆದುಕೊಳ್ಳುವುದರಿಂದ ಅಂಥ ನೆಲವೇ ಅವುಗಳಿಗೆ ಆಸರೆ. ಹೊಸ ದ್ವೀಪಗಳಿಗೆ ಮನೆಹಲ್ಲಿ ಕಾಲಿಡದಂತೆ ಸರಕು, ಡೇರೆ, ಪೆಟ್ಟಿಗೆಗಳನ್ನು ಮೊಟ್ಟೆಗಾಗಿಯೂ ತಪಾಸಣೆ ಮಾಡುವುದೇ ಇರುವ ಉಪಾಯಗಳಲ್ಲಿ ಅಗ್ಗವಾದದ್ದು, ಫಲಕಾರಿಯಾದದ್ದು. ಒಮ್ಮೆ ನೆಲೆಯೂರಿದ ಮೇಲೆ ಅದನ್ನು ಹೊರಹಾಕುವುದು ಅತಿ ಕಷ್ಟ.

ಮನೆಯಲ್ಲಿ ಹಲ್ಲಿಯೊಂದಿಗೆ

ಭಾರತದ ಮನೆಗಳಲ್ಲಿ ಹಲ್ಲಿ ಹೊರಗಿನಿಂದ ನುಗ್ಗಿದ ಪ್ರಾಣಿಯಲ್ಲ, ಇಲ್ಲಿಯ ಜೀವಜಾಲದ ಭಾಗ. ಅದಕ್ಕೆ ವಿಷವಿಲ್ಲ. ಕಚ್ಚಿದರೂ ಚರ್ಮ ಸೀಳುವ ಬಲವಿಲ್ಲ. ಹಲ್ಲಿ ಬಿದ್ದ ಹಾಲು ಅಥವಾ ಸಾರನ್ನು ಚೆಲ್ಲುವುದು ಸರಿಯಾದ ಕ್ರಮವೇ. ಅದಕ್ಕೆ ಕಾರಣ ವಿಷವಲ್ಲ, ಹಲ್ಲಿಯ ಕರುಳಿನಲ್ಲೂ ಹಿಕ್ಕೆಯಲ್ಲೂ ಇರಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ. ಕಪ್ಪು ಹಿಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆಯಿದ್ದರೆ ಅದು ಹಲ್ಲಿಯದೆಂದು ಗುರುತಿಸಬಹುದು. ಆ ಬಿಳಿ ಭಾಗ ಯೂರಿಕ್ ಆಮ್ಲ. ನೀರನ್ನು ಉಳಿಸಿಕೊಳ್ಳಲು ಹಲ್ಲಿ ಮೂತ್ರವನ್ನು ಹೀಗೆ ಗಟ್ಟಿಯಾಗಿಯೇ ಹೊರಹಾಕುತ್ತದೆ.

ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಮುಚ್ಚಳ, ಕಟ್ಟೆಗೆ ನಿತ್ಯದ ಒರೆಸು, ಕಿಟಕಿಗೆ ಜಾಲರಿ ಇದ್ದರೆ ತೊಂದರೆ ಬಹುಪಾಲು ತಪ್ಪುತ್ತದೆ. ರಾತ್ರಿ ಅನಗತ್ಯ ದೀಪ ಆರಿಸಿದರೆ ಹುಳು ಕಡಿಮೆಯಾಗುತ್ತವೆ. ಹುಳು ಕಡಿಮೆಯಾದರೆ ಹಲ್ಲಿಯೂ ಬೇರೆ ಜಾಗ ನೋಡಿಕೊಳ್ಳುತ್ತದೆ. ವಿಷ ಹಾಕಿ, ಅಂಟುಹಲಗೆ ಇಟ್ಟು ಕೊಲ್ಲುವುದು ನಿಷ್ಕಾರಣ ಹಿಂಸೆ. ಗೋಡೆಯ ಮೇಲೆ ಹಲ್ಲಿ ಇದ್ದಷ್ಟು ದಿನ ಪ್ರತಿ ರಾತ್ರಿಯೂ ಒಂದಷ್ಟು ಸೊಳ್ಳೆ, ಗೆದ್ದಲ ಹಾತೆ, ಜಿರಲೆ ಮರಿಗಳು ಅದರ ಪಾಲಾಗುತ್ತವೆ.